ಅವರಿಗೆ ಹೇಳು, ಮೂರು ಬಾಲದ್ದು ಬಂದಿದೆ

ದನ ಹಿಡಿಯೋದೇ ಕಸುಬಾದವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ನಾನು ಹಿಡಿಯೋಕೆ ಹೋದದ್ದು ಸಿಕ್ಕಿದ ದಿನ ನನ್ನ ಚಪ್ಪಲಿ ಸಿಕ್ಕಿರೋದಿಲ್ಲ, ಚಪ್ಪಲಿ ಸಿಕ್ಕಿದ ದಿನ ದನ ಸಿಕ್ಕಿರೋದಿಲ್ಲ. ಸೂಲಿಬೆಲೆ ಸುತ್ತಮುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಹಸುಗಳಿಗೆ ಕಾಲುಬಾಯಿ ಜ್ವರದ ಇಂಜೆಕ್ಷನ್ ಹಾಕೋದು ನನ್ನ ಕೆಲಸ. ಡಾಕ್ಟರಿಕೆ ಓದಿದವನಲ್ಲ. ಆದರೂ ಜನ ಡಾಕ್ಟ್ರೇ ಅಂತಾರೆ, ನಾನೂ ಬೇಡ ಅಂದಿಲ್ಲ. ಇಷ್ಟು ವರ್ಷದಲ್ಲಿ ಒದೆಸಿಕೊಂಡಿದ್ದೀನಿ, ಹಾಯಿಸಿಕೊಂಡಿದ್ದೀನಿ, ಒಂದ್ಸಲ ಬಾವಿ ಕಟ್ಟೆ ಮೇಲಿಂದ ಜೋತಾಡಿದ್ದೂ ಇದೆ. ಆದರೆ ನನ್ನ ಬೆವರಿಳಿಸಿದ್ದು ಯಾವ ಹಸುವೂ ಅಲ್ಲ. ಫೋನಿನೊಳಗೆ ಮಾತ್ರ ಇರೋ, ಮೂರು ಬಾಲದ ಒಂದು ಪ್ರಾಣಿ. ಅದು ಬೇಕಾಗಿದ್ದೂ ನನಗಲ್ಲ, ನಮ್ಮತ್ತೆಗೆ.

೧. ಕುರ್ಚಿ ಮೇಲೆ ಕೂತ ಬೋಂಡ

ನಮ್ಮತ್ತೆ, ಅಂದರೆ ಹೆಂಡತಿಯ ತಾಯಿ, ನಂದಗುಡಿ ಕಡೆಯವರು. ಮಾವ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದರು. ಅವರ ಕಾಲದ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಅತ್ತೆಯಾದವಳು ಅಳಿಯನ ಎದುರು ಕೂರಬಾರದು, ಮುಖ ಕೊಟ್ಟು ಮಾತಾಡಬಾರದು. ಈಗ ಅದನ್ನೆಲ್ಲ ಯಾರೂ ನಡೆಸಲ್ಲ. ಎದುರು ಮನೆಯ ಅತ್ತೆ ಅಳಿಯ ಒಟ್ಟಿಗೆ ಕೂತು ಕ್ರಿಕೆಟ್ ನೋಡ್ತಾರೆ. ನಮ್ಮತ್ತೆ ಮಾತ್ರ ಬಿಡಲಿಲ್ಲ. ನನಗೆ ಮದುವೆಯಾಗಿ ಹದಿನೆಂಟು ವರ್ಷ, ಅಷ್ಟರಲ್ಲಿ ಒಂದೇ ಒಂದು ಮಾತನ್ನೂ ಅವರು ನನ್ನ ಹತ್ತಿರ ನೇರವಾಗಿ ಆಡಿರಲಿಲ್ಲ.

ನಡುಮನೆ ಬಾಗಿಲಿಗೆ ಒಂದು ಪರದೆ ಇದೆ. ಅದರ ಹಿಂದೆ ನಿಂತು ಮಗಳಿಗೆ ಹೇಳೋರು, "ಅವರಿಗೆ ಹೇಳು, ಊಟಕ್ಕೆ ಏಳಬೇಕಂತೆ" ಅಂತ. ನಾನು ಎರಡು ಮಾರು ದೂರದಲ್ಲಿ ಕೂತಿರ್ತೀನಿ, ಕಿವಿ ಚೆನ್ನಾಗೇ ಕೇಳುತ್ತೆ. ಆದರೂ ಏಳೋ ಹಾಗಿಲ್ಲ. ಹೆಂಡತಿ ಒಳಗಿಂದ ಬಂದು ಅದನ್ನೇ ಮತ್ತೆ ಹೇಳಿದ ಮೇಲೇ ನಾನು ಏಳಬೇಕು. ಮುದ್ದೆ ಇನ್ನೊಂದು ಬೇಕಾ ಬೇಡವಾ ಅನ್ನೋದೂ ಹೀಗೇ ಹೋಗಿ ಬರಬೇಕು. ಬರೋ ಹೊತ್ತಿಗೆ ಸಾರು ಆರಿರುತ್ತೆ.

ಮಾವ ಹೋದ ಮೇಲೆ ಅತ್ತೆ ಹೊಸಲು ದಾಟೋದನ್ನೇ ಬಿಟ್ಟುಬಿಟ್ಟರು. ವರ್ಷಪೂರ್ತಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಸಕ್ಕರೆ ಕಾಯಿಲೆ ಏರಿತು. ಡಾಕ್ಟರು, ಇವರು ನಿಜವಾದ ಡಾಕ್ಟರು, ದಿನಾ ನಡೀಲೇಬೇಕು ಅಂದರು. ಯಾರು ಹೇಳಿದರೂ ಅತ್ತೆ ಕದಲಲಿಲ್ಲ. ಕೊನೆಗೆ ನನ್ನ ಹೆಂಡತಿ ಅಮ್ಮನ ಫೋನಿಗೆ ಒಂದು ಗೇಮ್ ಹಾಕಿಕೊಟ್ಟಳು. ಫೋನು ಹಿಡಿದು ಬೀದೀಲಿ ನಡೆದರೆ ಅದರ ನಕ್ಷೆ ಮೇಲೆ ಚಿತ್ರವಿಚಿತ್ರ ಪ್ರಾಣಿಗಳು ಕಾಣಿಸ್ತವೆ. ಒಂದನ್ನ ಮುಟ್ಟಿದರೆ ಕ್ಯಾಮೆರಾ ತೆರೆದುಕೊಂಡು ಆ ಪ್ರಾಣಿ ನಮ್ಮೆದುರಿಗೇ ನಿಂತಂಗೆ ತೋರಿಸುತ್ತೆ. ಹಣ್ಣು ಕೊಟ್ಟು ಒಲಿಸಿಕೊಂಡು, ಬೆರಳಿಂದ ಬಲೆ ತಳ್ಳಿ ಹಿಡೀಬೇಕು. ಹಿಡಿದದ್ದೆಲ್ಲ ಫೋನಿನೊಳಗಿನ ಒಂದು ಪುಸ್ತಕಕ್ಕೆ ಸೇರ್ತವೆ. ಒಟ್ಟು ನೂರೈವತ್ತು ಪ್ರಾಣಿ, ನೂರೈವತ್ತು ಮನೆ.

ಅತ್ತೆಗೆ ಇಂಗ್ಲಿಷ್ ಬರಲ್ಲ, ಹಾಗಾಗಿ ಹೆಸರು ತಾವೇ ಇಟ್ಟುಕೊಂಡರು. ದುಂಡಗಿರೋದು ಬೋಂಡ. ಮೂತಿ ಊದಿಸಿಕೊಂಡಿರೋದು ಎದುರುಮನೆಯವಳು. ಮೊದಮೊದಲು ಗೇಟಿನ ತನಕ ಹೋದರು, ಆಮೇಲೆ ಡೈರಿ ತನಕ, ಆಮೇಲೆ ಕೆರೆ ಏರಿ ಮೇಲೆ ಆ ತುದಿಯಿಂದ ಈ ತುದಿಗೆ. ಸಕ್ಕರೆ ಇಳೀತು, ಮಾತು ಬಂತು, ಮುದ್ದೆ ಒಂದಿದ್ದದ್ದು ಒಂದೂವರೆ ಆಯ್ತು. ಸತ್ಯವಾಗಿ ಹೇಳ್ತೀನಿ, ನನಗೆ ಎಷ್ಟು ಸಂತೋಷವಾಯ್ತು ಅಂದರೆ ಆ ಗೇಮ್ ಮಾಡಿದವನು ಸಿಕ್ಕಿದ್ದರೆ ಅವನ ಹಸುವಿಗೆ ಪುಕ್ಕಟೆ ಇಂಜೆಕ್ಷನ್ ಹಾಕಿ ಬರ್ತಿದ್ದೆ.

ಒಂದು ಸಂಜೆ ನಡುಮನೇಲಿ ಕುರ್ಚಿ ಮೇಲೆ ಕೂತು ಪೇಪರ್ ಓದ್ತಿದ್ದೆ. ಪರದೆ ಹಿಂದಿಂದ ಮೆಲ್ಲಗೆ, ಬಹಳ ಮೆಲ್ಲಗೆ, ದನಿ ಬಂತು: "ಅವರಿಗೆ ಹೇಳು, ಅಲ್ಲಾಡದಂಗೆ ಕೂತಿರಬೇಕಂತೆ." ಹೆಂಡತಿ ಅಡಿಗೆಮನೆಯಿಂದ ಅದನ್ನೇ ಹೇಳಿದಳು. ಹಿಂದಿನ ವಾರ ತಾನೆ ಹಿತ್ತಲಲ್ಲಿ ನಾಗರಹಾವು ಕಂಡಿತ್ತು. ಉಸಿರು ಬಿಗಿಹಿಡಿದು ಕೂತೆ. ಕಾಲ ಹತ್ತಿರ ಏನೋ ಹರಿದಂಗೂ ಆಯ್ತು. ಎರಡನೇ ಸಂದೇಶ ಬಂತು, ಮೆಲ್ಲಗೆ ಎದ್ದು ಬಲಗಡೆಗೆ ಸರೀಬೇಕಂತೆ. ಎದ್ದೆ, ಸರಿದೆ, ಆಮೇಲೆ ಒಂದೇ ನೆಗೆತಕ್ಕೆ ಹೊರಗೆ ಹೋಗಿ ದನ ಹೊಡೆಯೋ ಕೋಲು ತಗೊಂಡು ಬಂದೆ.

ಬಂದು ನೋಡ್ತೀನಿ, ಪರದೆ ಸಂದಿಯಿಂದ ಒಂದು ಕೈ, ಕೈಯಲ್ಲಿ ಫೋನು, ಫೋನು ನನ್ನ ಕುರ್ಚಿ ಕಡೆಗೆ. ಬೋಂಡ ನನ್ನ ತೊಡೆ ಮೇಲೆ ಕೂತಿತ್ತಂತೆ. ಕೂತರೆ ಕೂರಲಿ, ಹಾಗೇ ಬಲೆ ಎಸೆಯೋದಲ್ವಾ ಅಂತ ಹೆಂಡತಿ ಕೇಳಿದಳು. ಅತ್ತೆಗೆ ಗಾಬರಿಯಾಯ್ತು, ಅಳಿಯಂದಿರ ಮೇಲೆ ಬಲೆ ಎಸೆಯೋಕಾಗುತ್ತೇನೇ ಅಂದರು.

"ಅದು ಮದುವೇಲೇ ಎಸೆದಾಯ್ತಲ್ಲಮ್ಮ" ಅಂದಳು ನನ್ನ ಹೆಂಡತಿ.

೨. ಕಡಸು ಎಳೆದ ಕಡೆಗೆ

ನೂರನಲವತ್ತೊಂಬತ್ತು ಮನೆ ತುಂಬಿತು. ಉಳಿದದ್ದು ಒಂದೇ, ಮೂರು ಬಾಲದ್ದು. ಅದು ಮಿಕ್ಕವುಗಳ ಹಾಗೆ ಒಂದು ಕಡೆ ಇರೋದಲ್ಲ, ಅಲೆಮಾರಿ. ಯಾವಾಗಲೋ ಒಂದು ವಾರ ಈ ಸೀಮೆಗೆ ಬರುತ್ತೆ, ಆ ಹಳ್ಳಿ ಈ ಹಳ್ಳಿ ಅಂತ ಸುತ್ತುತ್ತೆ, ಹೊರಟು ಹೋಗುತ್ತೆ. ನಕ್ಷೇಲಿ ಒಂದು ನಕ್ಷತ್ರ ಮಿನುಗಿದರೆ ಅದು ಅಲ್ಲಿದೆ ಅಂತ ಲೆಕ್ಕ. ಎದುರಿಗೆ ಕಂಡ ಮೇಲೆ ಇನ್ನೊಂದ್ಸಲ ಮುಟ್ಟಿದರೆ ಆಟ ಶುರು, ಆಮೇಲೆ ಅದು ನಿಲ್ಲೋದು ಹತ್ತು ಸೆಕೆಂಡು. ಮೊದಲು ಕೆಂಪು ಹಣ್ಣು ಕೊಡಬೇಕು, ಅದು ತಿಂದು ತಲೆ ಬಗ್ಗಿಸಬೇಕು, ಆಗ ಬಲೆ. ಹಣ್ಣಿಗೆ ಮುಂಚೆ ಬಲೆ ಎಸೆದರೆ ಬೆದರಿ ಇನ್ನೊಂದು ಹೋಬಳಿಗೆ ಓಡುತ್ತೆ.

ಇದು ಬರೋದಕ್ಕೆ ಎರಡು ತಿಂಗಳು ಮುಂಚೆ ಅತ್ತೆ ಬಿದ್ದರು. ತಪ್ಪು ನಂದು. ಬೆಳಿಗ್ಗೆ ಕೊಟ್ಟಿಗೆ ತೊಳೆದು, ನೀರು ಬಳಿಯದೆ, ಪೈಪು ಸುತ್ತದೆ ಹಂಗೇ ಬಿಟ್ಟು ಕೆಲಸಕ್ಕೆ ಹೋದೆ. ಅತ್ತೆ ಫೋನು ನೋಡ್ತಾ ಆ ಕಡೆ ಬಂದವರು ಜಾರಿ, ಕಾಲಿನ ಗಿಣ್ಣು ಮುರೀತು. ಆರು ವಾರ ಹಿಟ್ಟಿನ ಕಟ್ಟು. ಕಟ್ಟು ಬಿಚ್ಚಿದ ಮೇಲೆ ಡಾಕ್ಟರು ವಾಕರ್ ಕೊಟ್ಟು, ಇನ್ನು ನಡೀಬಹುದು, ನಡೀಲೇಬೇಕು ಅಂದರು. ಅಷ್ಟರಲ್ಲಿ ಅತ್ತೆಯ ಮುಖ ಮತ್ತೆ ಗೋಡೆಗೆ ತಿರುಗಿತ್ತು. ಉಳಿದದ್ದು ಒಂದೇ, ಅದು ಈ ಕಡೆ ಯಾವಾಗ ಬರುತ್ತೋ, ಇನ್ನು ಎದ್ದು ಎಲ್ಲಿಗೆ ಹೋಗಲಿ ಅಂದರು. ವಾಕರ್ ಮೇಲೆ ನನ್ನ ಹೆಂಡತಿ ಟವೆಲ್ಲು ಒಣಗಹಾಕೋಕೆ ಶುರು ಮಾಡಿದಳು. ಅದನ್ನ ನೋಡಿದಾಗೆಲ್ಲ ನಾನು ಹೋಗಿ ಕೊಟ್ಟಿಗೆ ಪೈಪನ್ನ ಇನ್ನೊಂದ್ಸಲ ಸುತ್ತಿಟ್ಟು ಬರ್ತಿದ್ದೆ. ಮೊದಲನೇ ಸಲ ಆ ಗೋಡೆಯಿಂದ ಈಚೆ ಬರೋಕೆ ವರ್ಷ ಹಿಡಿದಿತ್ತು. ಇನ್ನೊಂದು ಸಲ ಬರ್ತಾರೆ ಅನ್ನೋ ನಂಬಿಕೆ ನಮ್ಮಿಬ್ಬರಿಗೂ ಇರಲಿಲ್ಲ.

ಒಂದು ಭಾನುವಾರ ರಾತ್ರಿ ಊಟದ ಹೊತ್ತಿಗೆ ಹೆಂಡತಿ ಅಮ್ಮನ ಫೋನು ನೋಡಿ ಹೇಳಿದಳು, ಮೂರು ಬಾಲದ್ದು ನಮ್ಮ ಕಡೆ ಬಂದಿದೆ, ಮುಂದಿನ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ತನಕ ಇರುತ್ತಂತೆ. ನಾನು ತುತ್ತು ನಿಲ್ಲಿಸಿ, ಅತ್ತೆಗೆ ಹೇಳು, ನಾನು ಹಿಡಿದುಕೊಂಡು ಬರ್ತೀನಿ ಅಂದೆ. ಕೋಣೆಯಿಂದ ಬಹಳ ದಿನದ ಮೇಲೆ ಒಂದು ದನಿ ಬಂತು: "ಅವರಿಗೆ ಹೇಳು, ಅದು ದನ ಅಲ್ಲ ಅಂತ."

ಸೋಮವಾರ ಅತ್ತೆಯ ಫೋನು ಜೇಬಲ್ಲಿಟ್ಟುಕೊಂಡು ನಂದಗುಡಿ ಕಡೆಯ ಒಂದು ಹಳ್ಳಿಗೆ ಇಂಜೆಕ್ಷನ್ ಹಾಕೋಕೆ ಹೋದೆ. ಕೆಂಪು ಹಣ್ಣು ಅತ್ತೆ ನಡೆದು ಸಂಪಾದಿಸಿದ್ದರಲ್ಲಿ ಉಳಿದದ್ದು ಎರಡೇ. ಏಳು ಹಸು ಮುಗಿಸಿ ಎಂಟನೆಯದು, ಒಂದು ಕಡಸು, ಇನ್ನೂ ಗಬ್ಬ ಕಟ್ಟದ ಸೀಮೆ ಕರು. ಹಗ್ಗ ಹಿಡಿದೆ, ಜೇಬು ಗುಂಯ್ ಅಂತು. ತೆಗೆದು ನೋಡಿದರೆ ನಕ್ಷತ್ರ ಅದೇ ಬೀದೀಲಿ. ಎತ್ತಿ ಹಿಡಿದರೆ ಎದುರಿಗಿದ್ದ ಹುಲ್ಲಿನ ಮೆದೆ ಮುಂದೆ ಮೂರು ಬಾಲ ಬೀಸ್ತಾ ನಿಂತಿದೆ. ಕೈ ಎರಡೂ ಬೇಕು, ಹಗ್ಗ ಬಿಡೋ ಹಾಗಿಲ್ಲ. ಊರವರಿಗೆಲ್ಲ ಯಾವತ್ತೂ ಮಾಡಬೇಡಿ ಅಂತ ಬೈಯೋದನ್ನ ನಾನೇ ಮಾಡಿದೆ, ಹಗ್ಗದ ತುದೀನ ಮಣಿಕಟ್ಟಿಗೆ ಸುತ್ತಿಕೊಂಡೆ.

ಹಣ್ಣು ಕೊಟ್ಟೆ. ತಿಂತು. ತಲೆ ಬಗ್ಗಿಸ್ತು. ಬಲೆ ಮೇಲೆ ಬೆರಳಿಟ್ಟೆ. ಆಗಲೇ ಬೀದಿ ಆ ತುದಿಯಲ್ಲಿ ಯಾರೋ ಬೂಸದ ಬಕೆಟ್ಟು ನೆಲಕ್ಕಿಟ್ಟ ಸದ್ದು. ಕಡಸು ಹೊರಟಿತು, ನಾನೂ ಹೊರಟೆ. ಬಲೆ ಆಕಾಶಕ್ಕೆ ಹೋಯ್ತು, ನಾನು ಬೂಸದ ಬಕೆಟ್ಟಿಗೆ ಹೋದೆ. ಮೂರು ಬಾಲದ್ದು ಯಾವ ಕಡೆ ಹೋಯ್ತೋ ನೋಡೋಕಾಗಲಿಲ್ಲ. ಹಣ್ಣು ಒಂದು ಖರ್ಚಾಯ್ತು, ಮೊಣಕೈ ಎರಡೂ ತರಚಿದವು, ದಿನಗಳು ಇನ್ನು ಆರು.

ಗಂಜಲ ಒರೆಸಿಕೊಂಡು, ಉಳಿದ ಇಂಜೆಕ್ಷನ್ನೂ ಮುಗಿಸಿ ತಿರುಗಿ ನೋಡಿದರೆ ಬೀದಿ ತುಂಬ ಹಸುಗಳು. ಡಾಕ್ಟ್ರು ಹಸುವಿನ ಪಕ್ಕ ನಿಂತು ಫೋನು ಎತ್ತಿ ಹಿಡಿದದ್ದನ್ನ ಜನ ದೂರದಿಂದ ನೋಡಿದ್ದರು. ಸರ್ಕಾರದಿಂದ ಏನೋ ಬರೋದಿದೆ, ಅದಕ್ಕೆ ಫೋಟೋ ಅಂತ ತೀರ್ಮಾನ ಆಗಿಹೋಗಿತ್ತು. ಮೈ ತೊಳೆದು, ಕೊಂಬಿಗೆ ಅರಿಶಿನ ಹಚ್ಚಿ, ಒಂದು ಹಸುವಿಗೆ ಸೀರೆ ಅಂಚು ಬೇರೆ ಹೊದಿಸಿ ತಂದಿದ್ದರು. ಇಲ್ಲ ಅಂದರೆ ನಂಬೋರು ಯಾರು? ಎಲ್ಲರ ಮುಂದೂ ಸುಮ್ಮನೆ ಫೋನು ಎತ್ತಿ ಎತ್ತಿ ಇಳಿಸಿದೆ. ಗಾಡಿ ಹತ್ತೋ ಹೊತ್ತಿಗೆ ಒಬ್ಬಾಕೆ ಓಡಿ ಬಂದಳು.

"ಡಾಕ್ಟ್ರೇ, ನಮ್ದು ಕಣ್ಣು ಮುಚ್ಕೊಂಡ್ಬಿಟ್ಟಿತ್ತು, ಇನ್ನೊಂದು ತೆಗೀರಿ."

೩. ಡೈರಿ ಮುಂದೆ ಹತ್ತು ಸೆಕೆಂಡು

ಮಂಗಳವಾರ ನಕ್ಷತ್ರ ಕಾಣಲಿಲ್ಲ. ಬುಧವಾರ ಕಂಡಿತು, ನಾನು ಗಾಡಿ ತಿರುಗಿಸೋದರೊಳಗೆ ಆರಿಹೋಯ್ತು. ಮನೆಗೆ ಬಂದರೆ ಅತ್ತೆ ಏನೂ ಕೇಳ್ತಿರಲಿಲ್ಲ. ಕೋಣೆ ಮುಂದೆ ಹಾದುಹೋದಾಗ ಮಂಚದ ಮೇಲೆ ಬೆನ್ನು ಮಾತ್ರ ಕಾಣೋದು. ಕೇಳಿ ಬೈದಿದ್ದರೆ ವಾಸಿಯಿತ್ತು.

ಹೆಂಡತಿ ಒಂದು ಉಪಾಯ ಹೇಳಿದಳು. ಅಮ್ಮನಿಗೆ ಆಟ ಗೊತ್ತು, ನಿಮಗೆ ಗೊತ್ತಿಲ್ಲ, ವಿಡಿಯೋ ಕಾಲ್ ಮಾಡಿ, ಅಮ್ಮ ನೋಡಿ ಹೇಳ್ತಾರೆ ಅಂದಳು. ನನ್ನ ಫೋನನ್ನ ಅಂಗಿ ಜೇಬಲ್ಲಿ, ಕ್ಯಾಮೆರಾ ಮಾತ್ರ ಹೊರಗೆ ಇಣುಕೋ ಹಾಗೆ ಇಟ್ಟು ನೋಡಿದೆವು. ಅತ್ತೆಯ ಫೋನನ್ನ ಎದೆ ಮುಂದೆ ಹಿಡಿದರೆ ಅದರಲ್ಲಿ ಕಾಣೋದೆಲ್ಲ ಮನೇಲಿ ಕೂತವರಿಗೂ ಕಾಣುತ್ತೆ. ಭೇಷ್ ಅನ್ನಿಸಿತು. ಒಂದು ವಿಷಯ ಮಾತ್ರ ನಾವು ಮೂವರಲ್ಲಿ ಒಬ್ಬರೂ ಯೋಚನೆ ಮಾಡಲಿಲ್ಲ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ನಕ್ಷೆ ನೋಡ್ತಾ ಕೂತೆ. ಸಂಜೆ ಐದಕ್ಕೆ ನಕ್ಷತ್ರ ಸಮೇತನಹಳ್ಳೀಲಿ ಮಿನುಗಿತು. ಗಾಡಿ ಎಷ್ಟು ಜೋರಾಗಿ ಓಡಿಸಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಹೋಗಿ ನೋಡಿದರೆ ಮೂರು ಬಾಲದ್ದು ಹಾಲಿನ ಡೈರಿ ಮುಂದೇನೇ ನಿಂತಿದೆ. ಸಂಜೆ ಹಾಲು ಅಳೆಯೋ ಹೊತ್ತು, ಕ್ಯಾನು ಹಿಡಿದ ಜನದ ಸಾಲು. ಸಾಲಿನ ಪಕ್ಕದಲ್ಲೇ ನಿಂತು ಮನೆಗೆ ಕಾಲ್ ಹಚ್ಚಿದೆ, ಅತ್ತೆಯ ಫೋನಲ್ಲಿ ಪ್ರಾಣೀನ ಮುಟ್ಟಿದೆ. ಹತ್ತು ಸೆಕೆಂಡು ಶುರುವಾಯ್ತು.

ನನ್ನ ಎದೆ ಮೇಲಿನ ಜೇಬಿನಿಂದ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು. ಅವರಿಗೆ ಹೇಳು, ಮೊದಲು ಫೋನನ್ನ ಸ್ವಲ್ಪ ಎಡಗಡೆಗೆ ತಿರುಗಿಸಬೇಕಂತೆ. ಕೇಳಿಸಿದರೂ ಹದಿನೆಂಟು ವರ್ಷದ ಅಭ್ಯಾಸ ನೋಡಿ, ನನ್ನ ಕೈ ಏಳಲಿಲ್ಲ. ಹೆಂಡತಿ ಹೇಳಲಿ ಅಂತ ಕಾದೆ. ಹೆಂಡತಿ ಹೇಳಿದಳು, ತಿರುಗಿಸಿದೆ. ಮೂರು ಸೆಕೆಂಡು ಹೋಯ್ತು. ಅವರಿಗೆ ಹೇಳು, ದಯವಿಟ್ಟು ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕಂತೆ. ಮತ್ತೆ ಕಾದೆ, ಮತ್ತೆ ಹೆಂಡತಿ ಹೇಳಿದಳು, ಹಿಂದಕ್ಕೆ ಹೋದೆ. ಆರು ಸೆಕೆಂಡು. ಅವರಿಗೆ ಹೇಳು, ಬಲೆ ಎಸೀಬೇಕಂತೆ, ಅನ್ನೋ ತನಕ ಮಾತ್ರ ಕೇಳಿಸಿಕೊಂಡ ನನ್ನ ಹೆಂಡತಿ ಕೂಡಲೇ "ಬಲೆ ಎಸೀರಿ" ಅಂದಳು, ನಾನು ಎಸೆದೆ. ಅದೇ ಹೊತ್ತಿಗೆ ಅತ್ತೆ ಮಾತು ಮುಗಿಸಿದರು, "ಅದು ಹಣ್ಣು ತಿಂದ ಮೇಲೆ" ಅಂತ.

ಮೂರು ಬಾಲದ್ದು ಒಂದು ಸಲ ನನ್ನ ಮುಖ ನೋಡಿತು, ಹೋಯ್ತು. ನಾನು ಡೈರಿ ಕಟ್ಟೆ ಮೇಲೆ ತಲೆ ಮೇಲೆ ಕೈ ಹೊತ್ತು ಕೂತೆ. ಸಾಲಿನ ಹಿಂದುಗಡೆ ನಿಂತಿದ್ದ ಒಬ್ಬ ಮುದುಕ, ಕ್ಯಾನು ಕೆಳಗಿಟ್ಟು ಹತ್ತಿರ ಬಂದು, ಏನಪ್ಪಾ ಏನಾಯ್ತು ಅಂತ ಅಂತಃಕರಣದಿಂದ ಕೇಳಿದ. ಕೈಗೆ ಬಂದದ್ದು ತಪ್ಪಿಸಿಕೊಂಡು ಹೋಯ್ತು ಯಜಮಾನ್ರೇ ಅಂದೆ. ಮುದುಕ ನನ್ನ ಪಕ್ಕದಲ್ಲೇ ಕಟ್ಟೆ ಮೇಲೆ ಕೂತು ಹೆಗಲ ಮೇಲೆ ಕೈಯಿಟ್ಟ.

"ಎಷ್ಟು ಲೀಟ್ರು ಕರೀತಿತ್ತು?"

೪. ಮೂರನೇ ಪಂಕ್ತಿ

ಶನಿವಾರ ಅತ್ತೆ ಬೆಳಗಿನ ತಿಂಡಿ ಮುಟ್ಟಲಿಲ್ಲ. ಮಧ್ಯಾಹ್ನ ಮುದ್ದೆ ತಟ್ಟೆ ಹೋದ ಹಾಗೇ ವಾಪಸು ಬಂತು. ಫೋನಿಂದ ಆ ಗೇಮನ್ನ ತೆಗೆದುಬಿಡು ಅಂತ ಮಗಳಿಗೆ ಹೇಳಿದರಂತೆ. ನನ್ನ ಹೆಂಡತಿ ಅಳೋ ಪೈಕಿ ಅಲ್ಲ. ಅವತ್ತು ಅತ್ತಳು, ಅತ್ತು ಮುಗಿಸಿ ಕೋಣೆ ಬಾಗಿಲಲ್ಲಿ ನಿಂತು ಇಬ್ಬರಿಗೂ ಕೇಳೋ ಹಾಗೆ ಬೈದಳು. ನೀವಿಬ್ಬರೂ ಬಾಯಿಬಿಟ್ಟು ಮಾತಾಡಿದ್ದರೆ ಅದು ಸಿಕ್ಕಿರೋದು, ಪದ್ಧತಿ ಪದ್ಧತಿ ಅಂತ ಇಬ್ಬರೂ ನನ್ನ ಪ್ರಾಣ ತಿಂತೀರಿ ಅಂದಳು. ಅತ್ತೆ ಗೋಡೆ ನೋಡಿದರು, ನಾನು ನೆಲ ನೋಡಿದೆ. ಗೇಮನ್ನ ಮಾತ್ರ ತೆಗೆಯಲಿಲ್ಲ.

ಭಾನುವಾರ ಹೊಸಕೋಟೆಯ ಒಂದು ಛತ್ರದಲ್ಲಿ ಹೆಂಡತಿ ಕಡೆಯವರ ಬೀಗರ ಊಟ. ಮದುವೆಯಾದ ಮೇಲೆ ಗಂಡು ಹೆಣ್ಣು ಎರಡೂ ಕಡೆಯವರು ಕೂತು ಮಾಂಸದೂಟ ಉಣ್ಣೋ ದಿನ. ಮನೆಗೆ ಒಬ್ಬರಾದರೂ ಹೋಗಲೇಬೇಕು. ನಾನಿರೋ ಸ್ಥಿತೀಲಿ ಯಾರಿಗೆ ಬೇಕು ಊಟ? ಆದರೂ ಹೋದೆ. ಎರಡು ಫೋನೂ ಜೇಬಲ್ಲಿದ್ದವು. ಜನವೋ ಜನ, ಮೂರನೇ ಪಂಕ್ತೀಲಿ ಜಾಗ ಸಿಕ್ಕೋ ಹೊತ್ತಿಗೆ ಮೂರೂವರೆ ಆಗಿತ್ತು. ನಕ್ಷತ್ರ ಎಲ್ಲೂ ಇರಲಿಲ್ಲ. ಎಲೆ ಬಿತ್ತು, ಮುದ್ದೆ ಬಿತ್ತು, ಸಾರು ಬಿತ್ತು. ಮುರಿದು ಒಂದು ತುತ್ತು ಬಾಯಿಗಿಟ್ಟೆ, ಜೇಬು ಗುಂಯ್ ಅಂತು.

ಎಡಗೈಲಿ ತೆಗೆದು ನೋಡಿದೆ. ನಕ್ಷತ್ರ ಛತ್ರದೊಳಗೇ ಇದೆ. ಗಂಟೆ ನಾಲ್ಕಕ್ಕೆ ಎಂಟು ನಿಮಿಷ. ಫೋನು ಎತ್ತಿದರೆ ಎದುರು ಸಾಲಲ್ಲಿ, ಹೊಸ ಮದುಮಗನ ಎಲೆ ಹಿಂದೆ, ಮೂರು ಬಾಲ.

ಏಳೋ ಹಾಗಿಲ್ಲ. ಪಂಕ್ತೀಲಿ ಒಬ್ಬ ಎದ್ದರೆ ಪಕ್ಕದವರೂ ಕೈ ನಿಲ್ಲಿಸಬೇಕು. ಅದರಲ್ಲೂ ಬೀಗರ ಊಟದಲ್ಲಿ ಬಾಡು ಬಡಿಸೋ ಮುಂಚೆ ಎದ್ದರೆ ಊಟ ಅಲ್ಲ, ಸಂಬಂಧವೇ ಮುಗೀತು ಅಂತ ಲೆಕ್ಕ. ಬಲಗೈ ಪೂರ್ತಿ ಎಂಜಲು, ಮುದ್ದೆ ಸಾರು ಸಮೇತ. ಅತ್ತೆಯ ಫೋನಿಗೆ ಎಂಜಲು ಕೈ ತಗಲಿಸೋದುಂಟೇ? ಅವರು ತಮ್ಮ ಲೋಟಾನೇ ಬೇರೆಯವರಿಗೆ ಕೊಡೋರಲ್ಲ. ಎಡಗೈಲೇ ನನ್ನ ಫೋನು ತೆಗೆದು ಮನೆಗೆ ಕಾಲ್ ಹಚ್ಚಿ, ಅಂಗಿ ಜೇಬಲ್ಲಿ ನಿಲ್ಲಿಸಿದೆ. ಅತ್ತೆಯ ಫೋನನ್ನ ನೀರಿನ ಬಾಟ್ಲಿಗೆ ಒರಗಿಸಿದೆ. ಪ್ರಾಣೀನ ಮುಟ್ಟಿದೆ. ಹತ್ತು ಸೆಕೆಂಡು.

ಇರೋದು ಒಂದೇ ಹಣ್ಣು. ಯಾರನ್ನೂ ಕೇಳಲಿಲ್ಲ, ಕೊಟ್ಟೆ. ತಿಂತು. ತಲೆ ಬಗ್ಗಿಸ್ತು. ಎಡಗೈ ಬೆರಳಲ್ಲಿ ಬಲೆ ತಳ್ಳಿದೆ. ಎಡಗೈ ಬುದ್ಧಿ ಎಡಗೈದೇ, ಬಲೆ ಓರೆಯಾಗಿ ಹೋಗಿ ಮದುಮಗನ ಪೇಟದ ಮೇಲಿಂದ ಹಾರಿತು. ಮೂರು ಬಾಲದ್ದು ತಲೆ ಎತ್ತೋಕೆ ಶುರು ಮಾಡಿತು. ಇನ್ನೊಂದು ಬಲೆಗೆ ಹೊತ್ತಿದೆ, ಒಂದಕ್ಕೆ ಮಾತ್ರ. ನನ್ನ ಜೇಬಿನಿಂದ ಶುರುವಾಯ್ತು, ಅವರಿಗೆ ಹೇಳು... ನಾನು ಎಡಗೈ ಮತ್ತೆ ಎತ್ತಿದೆ. ಅವರಿಗೆ ಹೇಳು, ಅಂತ ಮತ್ತೆ ಬಂತು, ಅಲ್ಲಿಗೇ ನಿಂತಿತು. ಆಮೇಲೆ ಛತ್ರದ ಆ ಗೋಡೆಯಿಂದ ಈ ಗೋಡೆಗೆ ಮೊಳಗಿತು:

"ಎಂಜಲಾದ್ರೂ ಆಗ್ಲಿ, ಬಲಗೈಲಿ ಎಸಿಯೋ ಕತ್ತೆ!"

ನನ್ನ ಬಲಗೈ ನನ್ನನ್ನ ಕೇಳಲೇ ಇಲ್ಲ. ಒಂದ್ಸಲ ಬೆರಳು ನೆಕ್ಕಿತು, ಅಂಗಿಗೆ ಒರೆಸಿತು, ತಳ್ಳಿತು. ಬಲೆ ನೆಟ್ಟಗೆ ಹೋಗಿ ಕವುಚಿಕೊಂಡಿತು. ಅಲ್ಲಾಡಿತು ಒಂದು ಸಲ. ಎರಡು ಸಲ. ಮೂರು ಸಲ. ನಿಂತಿತು. ಫೋನಲ್ಲಿ ಪಟಾಕಿ ಹಾರಿದವು, ನೂರೈವತ್ತನೇ ಮನೆ ತುಂಬಿತು. ನನ್ನ ಕಣ್ಣಲ್ಲಿ ನೀರು ಬಂತು, ಸಾರಿನ ಖಾರಕ್ಕೆ ಅಂತ ಪಕ್ಕದವನಿಗೆ ಹೇಳಿದೆ.

ಆಗ ಗೊತ್ತಾಯ್ತು, ಬಡಿಸೋರು ಸೌಟು ಹಿಡಿದು ನಿಂತಿದ್ದಾರೆ. ಎಲ್ಲರ ಕಣ್ಣೂ ನನ್ನ ಅಂಗಿ ಜೇಬಿನ ಮೇಲೆ. ಪಂಕ್ತಿಯ ಹಿರೀಕರು ಯಾರಪ್ಪ ಅದು ಅಂತ ಕೇಳಿದರು. ನಮ್ಮತ್ತೆ ಅಂದೆ. ಹಿರೀಕರು ತುತ್ತು ಕೆಳಗಿಟ್ಟರು. ಎದುರಿಗಿದ್ದ ಹೊಸ ಮದುಮಗ ನಿಧಾನಕ್ಕೆ ತಿರುಗಿ, ದೂರದಲ್ಲಿ ನಿಂತಿದ್ದ ತನ್ನ ಅತ್ತೇನ ಒಂದು ಸಲ ನೋಡಿಕೊಂಡ.

ಜೇಬಲ್ಲಿ ಕಾಲ್ ಕಟ್ಟಾಗಿತ್ತು. ಬಾಡು ಬಡಿಸಿದರು, ಎಷ್ಟು ತಿಂದೆನೋ ಗೊತ್ತಿಲ್ಲ. ಗಾಡೀಲಿ ಬರ್ತಾ ದಾರಿ ಪೂರ್ತಿ ಹೆದರಿಕೆ. ಅತ್ತೆಯ ಸ್ವಭಾವ ನನಗೆ ಗೊತ್ತು. ಪ್ರಾಣಿ ಸಿಕ್ಕ ಸಂತೋಷಕ್ಕಿಂತ ಅಳಿಯನ್ನ ಬೈದ ಸಂಕಟವೇ ಅವರಿಗೆ ದೊಡ್ಡದಾದರೆ? ನಾಚಿಕೆಗೆ ಇನ್ನು ಈ ಕಡೆ ತಿರುಗದೇ ಹೋದರೆ? ಹಿಡಿದೂ ಕಳಕೊಂಡಂಗಾಗುತ್ತಲ್ಲ ಅನ್ನಿಸಿ ಗಾಡಿ ನಿಧಾನವಾಯ್ತು.

ಮನೆಗೆ ಬಂದು ನೋಡಿದೆ. ಕೋಣೇಲಿ ಮಂಚ ಖಾಲಿ. ಟವೆಲ್ಲು ನೆಲದ ಮೇಲೆ ಬಿದ್ದಿದೆ. ನಡುಮನೆಗೆ ಬಂದರೆ ಬಾಗಿಲ ಪರದೆ ಕೆಳಗೆ ಆರು ಕಾಲು ಕಾಣಿಸಿದವು. ಎರಡು ಅತ್ತೆಯವು, ನಾಲ್ಕು ವಾಕರ್‌ದು. ಕತ್ತೆ ಅಂತ ಬೈದ ಮೇಲೆ ಅಳಿಯನ ಕಣ್ಣಿಗೆ ಬೀಳೋ ಹಾಗೆ ಮಂಚದ ಮೇಲೆ ಮಲಗಿರೋಕಾಗುತ್ತಾ? ಡಾಕ್ಟರು ಹೇಳಿ ಏಳದವರು, ಮಗಳು ಅತ್ತು ಏಳದವರು, ಮರ್ಯಾದೆಗೆ ಎದ್ದು ನಡೆದು ಬಂದು ಪರದೆ ಹಿಂದೆ ನಿಂತಿದ್ದರು. ನಾನು ಅತ್ತೆಯ ಫೋನನ್ನ ಚೆನ್ನಾಗಿ ಒರೆಸಿ ಹೆಂಡತಿ ಕೈಲಿಟ್ಟೆ, ಅವಳು ಪರದೆಯೊಳಗೆ ಕೊಟ್ಟಳು. ಒಳಗೆ ಮೂಗು ಒರೆಸಿಕೊಂಡ ಸದ್ದು.

"ಅವರಿಗೆ ಹೇಳು, ಕತ್ತೆ ಅಂದದ್ದು ಮೂರು ಬಾಲದ್ದಕ್ಕಂತೆ."

ಅತ್ತೆಗೆ ಹೇಳು, ನಾನೂ ಹಾಗೇ ಅಂದುಕೊಂಡೆನಂತೆ, ಅಂದೆ ನಾನು. ಮಧ್ಯೆ ನಿಂತಿದ್ದ ನನ್ನ ಹೆಂಡತಿ ಒಂದು ಸಲ ಪರದೆ ಕಡೆ ನೋಡಿದಳು, ಒಂದು ಸಲ ನನ್ನ ಕಡೆ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇನ್ನೊಂದ್ಸಲ ಇವರನ್ನ ಬೈಬೇಕು ಅನ್ಸಿದ್ರೆ ನೀನ್ಯಾಕಮ್ಮ ತೊಂದ್ರೆ ತಗೋತೀಯ, ನಂಗೆ ಹೇಳು. ಹದಿನೆಂಟು ವರ್ಷದಿಂದ ಆ ಕೆಲಸ ನಾನೇ ಮಾಡ್ಕೊಂಡು ಬಂದಿದೀನಿ."